ಜಾಮೀನಿನ ವಿಷಯದಲ್ಲಿ ಒಂದು ಆಕ್ಷೇಪಕ್ಕೆ ಸಮಾಧಾನ

ಕಳೆದ ತಿಂಗಳು ನಮ್ಮ ಸಂಘದ ವಾಚನಮಂದಿರದಲ್ಲಿ ಏಳೆಂಟು ಮಂದಿ ಮಹನೀಯರು ಕೂಡಿದ್ದಾಗ, ನನಗೆ ಬಹುಕಾಲದಿಂದ ಮಿತ್ರರಾದ ಒಬ್ಬರು ಎಲ್ಲರೂ ಕೇಳುವಂತೆ ಒಂದು ಪ್ರಶ್ನೆಯನ್ನು ಹಾಕಿದರು. "ಏನು ಮೇಷ್ಟ್ರೇ, ನಿಮ್ಮ ಮನೆಯವರ ಕೊರಳ ಸರವನ್ನು ಕಿತ್ತುಕೊಂಡವರ ಪಂಗಡಕ್ಕೇ ಸೇರಿದ ಒಬ್ಬನಿಗೆ ನೀವು ಜಾಮೀನು ನಿಂತಿರಂತೆ! ಇದು ಧರ್ಮವೋ, ಬುದ್ಧಿಭ್ರಮಣೆಯೋ?" ಎಂದರು. ಕೂಡಿದ್ದವರಲ್ಲಿ ಕೆಲವರು ನಕ್ಕರು. ಕೆಲವರು ನಗದೆ ನನ್ನ ಮುಖವನ್ನು ನೋಡಿದರು. ನಕ್ಕವರಿಗಿಂತಲೂ ನಗದವರ ಮೌನವೇ ನನ್ನನ್ನು ಹೆಚ್ಚಾಗಿ ಚುಚ್ಚಿತು. ಆ ದಿನ ಉತ್ತರ ಹೇಳುವುದಕ್ಕೆ ಬಾಯಿ ಬರಲಿಲ್ಲ. ಈಗ ಬರೆದು ಹೇಳುತ್ತೇನೆ. ಮಿತ್ರರಲ್ಲಿ ನನಗೆ ಕೋಪವಿಲ್ಲ. ಆದರೆ ಅವರ ವಾದದಲ್ಲಿ ಗೌರವವೂ ಇಲ್ಲ. ಆ ವಾದವು ಅವರೊಬ್ಬರದಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಯಲಹಂಕದಿಂದ ಯಶವಂತಪುರದವರೆಗೆ ಓದುಬರಹ ಬಲ್ಲ ಯಾವ ಮನೆಯ ಜಗಲಿಯಲ್ಲಿ ಕುಳಿತರೂ ಇದೇ ಮಾತು ಕೇಳಿಬರುತ್ತಿರುವುದರಿಂದ ಇದನ್ನು ಖಂಡಿಸುವುದು ಅವಶ್ಯವಾಗಿದೆ.

ಮೊದಲು ವೃತ್ತಾಂತ. 2023ನೆಯ ಇಸವಿಯ ಜನವರಿಯ ಆದಿಯಲ್ಲಿ ನನ್ನ ಧರ್ಮಪತ್ನಿಯು ಧನುರ್ಮಾಸದ ಪೂಜೆಗೆಂದು ಯಲಹಂಕ ಉಪನಗರದ ನಮ್ಮ ಮನೆಯಿಂದ ಹೊರಟು ಇನ್ನೂ ಬೀದಿಯ ತಿರುವನ್ನು ದಾಟಿರಲಿಲ್ಲ. ಮೋಟಾರು ಸೈಕಲ್ಲಿನಲ್ಲಿ ಬಂದ ಇಬ್ಬರು ಆಕೆಯ ಸರವನ್ನು ಕಿತ್ತು, ಆಕೆ ಬಿಡದೆ ಹಿಡಿದುಕೊಂಡಾಗ ನೆಲಕ್ಕೆ ತಳ್ಳಿ ಹೋದರು. ಬಲಗೈಯ ಮಣಿಕಟ್ಟು ಮುರಿಯಿತು. ಮೂರು ವಾರಗಳ ಅನಂತರ ಇಬ್ಬರನ್ನೂ ಪೋಲೀಸಿನವರು ಹಿಡಿದರೆಂಬ ವರ್ತಮಾನ ಬಂತು. ಆಮೇಲೆ ಯಾವ ವರ್ತಮಾನವೂ ಬರಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಒಂದು ದಿನ ಆಕೆ ತರಕಾರಿಯ ಅಂಗಡಿಯಿಂದ ಬರಿಯ ಚೀಲದೊಡನೆ ಹಿಂದಿರುಗಿ, ಬಾಗಿಲು ಹಾಕಿ ಅಗಳಿಯನ್ನೂ ಸೇರಿಸಿ ಕುಳಿತಳು. ಅವರಿಬ್ಬರಲ್ಲಿ ಒಬ್ಬನು ಅಂಗಡಿಯ ಮುಂದೆ ನಿಂತಿದ್ದನಂತೆ. "ಅವನು ಹೊರಗೆ ಬಂದದ್ದು ಇರಲಿ; ನಮಗೊಂದು ಮಾತು ಹೇಳುವವರು ಯಾರೂ ಇರಲಿಲ್ಲವೇನ್ರೀ?" ಎಂದಳು. ಈ ಪ್ರಶ್ನೆಗೆ ನಾನು ಮತ್ತೆ ಬರುತ್ತೇನೆ.

ಎರಡನೆಯದು, 2025ರ ಸಂಗತಿ. ಯಶವಂತಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ಹಮಾಲಿ ಮಾಡುವ, ರಾಯಚೂರು ಸೀಮೆಯಿಂದ ಬಂದ ಒಬ್ಬನ ಮಗನು ಹಿಂದೆ ನನ್ನಲ್ಲಿ ಮೂರು ವರ್ಷ ಸಂಸ್ಕೃತ ಓದಿದ್ದನು. ಒಂದು ರಾತ್ರಿ ಪ್ರಾಂಗಣದ ಹೊರಗೆ ಸರಕಿನ ಗಾಡಿಯ ಚಾಲಕನೊಬ್ಬನನ್ನು ಹೊಡೆದು ಅವನ ಹಣವನ್ನೂ ಮೊಬೈಲನ್ನೂ ಕಸಿದುಕೊಂಡರೆಂದು ನಾಲ್ವರನ್ನು ಹಿಡಿದರು. ನನ್ನ ಶಿಷ್ಯನು ನಾಲ್ಕನೆಯ ಆರೋಪಿ. ತಾನು ಜಗಳ ಬಿಡಿಸಲು ಹೋದವನೆಂದು ಅವನು ಹೇಳುತ್ತಾನೆ. ನಿಜವನ್ನು ನಾನರಿಯೆ, ಅದನ್ನು ತಿಳಿಯಬೇಕಾದುದು ವಿಚಾರಣೆಯಿಂದ. ದೋಷಾರೋಪಣ ಪಟ್ಟಿ ಬಂದ ಮೇಲೆ ಸೆಷನ್ಸ್ ನ್ಯಾಯಾಧೀಶರು ಅವನಿಗೆ ಜಾಮೀನು ಕೊಟ್ಟರು: ಒಂದು ಲಕ್ಷ ರೂಪಾಯಿಯ ಮುಚ್ಚಳಿಕೆ, ಅಷ್ಟೇ ಮೊಬಲಗಿಗೆ ಇಬ್ಬರು ಜಾಮೀನುದಾರರು. ಆಜ್ಞೆಯಾಗಿ ನಾಲ್ವತ್ತೊಂದು ದಿನ ಕಳೆದರೂ ಹುಡುಗನು ಪರಪ್ಪನ ಅಗ್ರಹಾರದ ಸೆರೆಮನೆಯಲ್ಲೇ ಇದ್ದನು. ಸೋದರಮಾವನು ರಾಯಚೂರಿನಿಂದ ಎರಡೆಕರೆಯ ಪಹಣಿಯನ್ನು ತಂದರೆ "ಈ ಊರಿನವರನ್ನು ಕರೆತನ್ನಿ" ಎಂದು ಕಚೇರಿಯಲ್ಲಿ ಹಿಂದಕ್ಕೆ ಕಳುಹಿಸಿದರಂತೆ. ತಾಯಿ ನಮ್ಮ ಮನೆಗೆ ಬಂದು, "ಮೇಷ್ಟ್ರೇ, ದೊರೆಗಳು ಬಿಡಿ ಅಂದವ್ರೆ, ಆದರೂ ಬಿಡಾಕಿಲ್ಲ ಅಂತಾರೆ" ಎಂದು ಅತ್ತಳು. ನಾನು ಮನೆಯಾಕೆಯನ್ನು ಕೇಳಿದೆನು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗಿ ಬನ್ನಿ, ಆದರೆ ಪ್ರತಿ ವಾಯಿದೆಗೂ ನೀವೇ ಅವನನ್ನು ಕರೆದುಕೊಂಡು ಹೋಗಬೇಕು" ಎಂದಳು. ಮನೆಯ ಪತ್ರಗಳನ್ನು ಹಿಡಿದು ಹೋದೆನು. ಇನ್ನೊಬ್ಬ ಜಾಮೀನುದಾರರು ನನ್ನ ಹಳೆಯ ಸಹೋದ್ಯೋಗಿಗಳು. ಇದೇ ನನ್ನ ಅಪರಾಧ.

ಇನ್ನು ಪೂರ್ವಪಕ್ಷವನ್ನು ಕ್ರಮವಾಗಿ ಎತ್ತಿಕೊಳ್ಳೋಣ. ಮಿತ್ರರ ಆಕ್ಷೇಪಗಳು ಮೂರು. ಜಾಮೀನೆಂಬುದು ಹಿಂಬಾಗಿಲಿನ ಖುಲಾಸೆ ಎಂಬುದು ಒಂದು. ಸುಲಿಗೆಗಾರನು ಹೊರಗೆ ಬಂದೊಡನೆ ಮತ್ತೆ ಸುಲಿಗೆ ಮಾಡುವನೆಂಬುದು ಎರಡು. ನ್ಯಾಯಾಧೀಶರು ಮುಂದೆ ಹಿಂದೆ ನೋಡದೆ ಕೇಳಿದವರಿಗೆಲ್ಲ ಜಾಮೀನು ಕೊಡುವರೆಂಬುದು ಮೂರು.

ಮೊದಲನೆಯದಕ್ಕೆ ಸಮಾಧಾನ. ಜಾಮೀನು ಪಾಶ್ಚಾತ್ಯರಿಂದ ಬಂದ ಔದಾರ್ಯವೆಂದು ತಿಳಿದವರುಂಟು. ನಮ್ಮ ಧರ್ಮಶಾಸ್ತ್ರಗಳಲ್ಲಿ ಜಾಮೀನುದಾರನಿಗೆ ಪ್ರತಿಭೂ ಎಂದು ಹೆಸರು. ಯಾಜ್ಞವಲ್ಕ್ಯರು ದರ್ಶನಕ್ಕೆ, ನಂಬಿಕೆಗೆ, ಹಣ ಕೊಡುವುದಕ್ಕೆ ಎಂದು ಪ್ರತಿಭೂತ್ವವನ್ನು ಮೂರು ಬಗೆಯಾಗಿ ವಿಭಾಗಿಸಿರುವರು. ಮನುಷ್ಯನನ್ನು ಬೇಕಾದಾಗ ತಂದು ತೋರಿಸುವೆನೆಂದು ಹೊಣೆ ಹೊರುವವನು ದರ್ಶನಪ್ರತಿಭೂ. ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರರು ನಮ್ಮ ಕನ್ನಡ ನಾಡಿನ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ಇದ್ದವರು. ಪ್ರತಿಭೂ ದೊರೆಯದವನನ್ನು ಕಾವಲಿನಲ್ಲಿಟ್ಟು, ಸಂಜೆಗೆ ಕಾವಲುಗಾರನ ಕೂಲಿಯನ್ನೂ ಅವನಿಂದಲೇ ಕೊಡಿಸಬೇಕೆಂಬ ಕಾತ್ಯಾಯನರ ವಚನವನ್ನು ಅವರು ಎತ್ತಿ ಹೇಳಿರುವರು. ಪಾಠಶಾಲೆಯಲ್ಲಿ ಓದಿದವನೆಂಬ ಕಾರಣದಿಂದ ಹಳೆಯದನ್ನೆಲ್ಲ ನಾನು ಹೊಗಳುವವನಲ್ಲ. ಜಾಮೀನಿಲ್ಲದ ಬಡವನ ಪಾಡು ಆಗಲೂ ಕಷ್ಟವಾಗಿಯೇ ಇತ್ತೆಂಬುದನ್ನು ಈ ವಚನವೇ ತೋರಿಸುತ್ತದೆ. ಆದರೆ ಒಂದು ಮಾತು ಇದರಿಂದ ಸಿದ್ಧವಾಗುವುದು. ಜಾಮೀನಿನ ಪ್ರಯೋಜನವು ಆರೋಪಿಯು ನಿರ್ಣಯದ ದಿನ ಎದುರಿಗೆ ಇರುವಂತೆ ಮಾಡುವುದೇ ಹೊರತು, ಆತನು ತಪ್ಪಿತಸ್ಥನೋ ಅಲ್ಲವೋ ಎಂಬುದನ್ನು ಹೇಳುವುದಲ್ಲ. ಜಾಮೀನು ಪಡೆದವನು ಮರುದಿನವೇ ಶಿಕ್ಷೆಗೊಳಗಾಗಬಹುದು. ಜಾಮೀನು ಸಿಕ್ಕದೆ ವರ್ಷಗಟ್ಟಲೆ ಒಳಗಿದ್ದವನು ನಿರ್ದೋಷಿಯೆಂದು ಹೊರಬರಬಹುದು. ನಿರ್ಣಯಕ್ಕೆ ಮೊದಲು ಶಿಕ್ಷೆ ಎಂಬುದು ಯಾವ ಶಾಸ್ತ್ರದಲ್ಲಿಯೂ ಇಲ್ಲ. 1977ರಲ್ಲಿ ರಾಜಸ್ಥಾನದ ಬಾಲಚಂದನ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಜಾಮೀನೇ ಸಾಮಾನ್ಯ ನಿಯಮವೆಂದೂ, ಸೆರೆಯು ಅದಕ್ಕೆ ಅಪವಾದವೆಂದೂ ಹೇಳಿದ್ದರ ತಾತ್ಪರ್ಯವಿದು.

"ಸುಲಿಗೆಗೂ ಇದೇ ನಿಯಮವೇ?" ಎಂದು ಕೇಳುವಿರಿ. ಅಪವಾದವು ಎಲ್ಲಿ ಸಲ್ಲುವುದೆಂಬುದನ್ನು ನೋಡಲು, ನ್ಯಾಯಾಲಯವು ನಡೆಯುವ ಕ್ರಮವನ್ನು ತಿಳಿಯಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 309ನೆಯ ಕಲಮಿನಲ್ಲಿ ಬರಿಯ ಸುಲಿಗೆಗೆ ಹತ್ತು ವರ್ಷಗಳವರೆಗೂ, ರಾತ್ರಿ ಹೆದ್ದಾರಿಯಲ್ಲಿ ಮಾಡಿದರೆ ಹದಿನಾಲ್ಕು ವರ್ಷಗಳವರೆಗೂ, ಸುಲಿಯುವಾಗ ಬೇಕೆಂದು ಗಾಯಮಾಡಿದರೆ ಜೀವಾವಧಿಯವರೆಗೂ ಶಿಕ್ಷೆಯುಂಟು. ಇವಾವುವೂ ಕೇಳಿದೊಡನೆ ಹಕ್ಕಾಗಿ ಜಾಮೀನು ಸಿಕ್ಕುವ ಅಪರಾಧಗಳಲ್ಲ. ಜೀವಾವಧಿ ಶಿಕ್ಷೆಗೆ ಒಳಪಡುವ ಆರೋಪದಲ್ಲಿ ಮ್ಯಾಜಿಸ್ಟ್ರೇಟರ ಕೈಯನ್ನು 480ನೆಯ ಕಲಮು ಕಟ್ಟಿರುವುದರಿಂದ, ಆರೋಪಿಯು ಸಾಮಾನ್ಯವಾಗಿ 483ನೆಯ ಕಲಮಿನಂತೆ ಸೆಷನ್ಸ್ ನ್ಯಾಯಾಲಯವನ್ನೋ ಹೈಕೋರ್ಟನ್ನೋ ಆಶ್ರಯಿಸಬೇಕಾಗುವುದು. ಅಲ್ಲಿ ವಿಚಾರಿಸತಕ್ಕ ಅಂಶಗಳನ್ನು ಸುಪ್ರೀಂ ಕೋರ್ಟು ಪ್ರಶಾಂತಕುಮಾರ ಸರ್ಕಾರರ 2010ರ ಪ್ರಕರಣದಲ್ಲಿ ಪಟ್ಟಿಮಾಡಿದೆ. ಮೇಲುನೋಟಕ್ಕೆ ಆರೋಪಕ್ಕೆ ಆಧಾರವಿದೆಯೇ? ಅಪರಾಧವೂ ಶಿಕ್ಷೆಯೂ ಎಷ್ಟು ಗುರುತರವಾದುವು? ಓಡಿಹೋಗುವ ಸಂಭವವುಂಟೇ? ಅದೇ ಕೃತ್ಯವನ್ನು ಮತ್ತೆ ಮಾಡಿಯಾನೇ? ಸಾಕ್ಷಿಗಳನ್ನು ಹೆದರಿಸಿಯಾನೇ? ಆತನ ನಡತೆಯೂ ಸ್ಥಾನಮಾನವೂ ಎಂಥವು? ಸುಲಿಗೆಯಲ್ಲಿ ಇವುಗಳ ಜೊತೆಗೆ ಇನ್ನೆರಡು ಮುಖ್ಯ: ಸುಲಿದ ಒಡವೆಯು ಜಪ್ತಿಯಾಯಿತೇ, ಅಪರಿಚಿತನಾದ ಆರೋಪಿಯನ್ನು ಹಲವರ ನಡುವೆ ನಿಲ್ಲಿಸಿ ಗುರುತು ಹಿಡಿಸುವ ಪರೇಡು ಮುಗಿಯಿತೇ ಎಂಬುವು. ಇವೆರಡೂ ಮುಗಿದು ದೋಷಾರೋಪಣ ಪಟ್ಟಿಯೂ ಬಂದ ಮೇಲೆ, ತನಿಖೆಯ ಸಲುವಾಗಿ ಆತನನ್ನು ಇಟ್ಟುಕೊಳ್ಳುವ ಕಾರಣವು ಉಳಿಯುವುದಿಲ್ಲ. ಓಟ, ಬೆದರಿಕೆ, ಪುನರಾವರ್ತನೆ ಇವುಗಳ ಭಯವೊಂದೇ ಉಳಿಯುವುದು. ಹಲ್ಲೆಯಲ್ಲಾದರೆ ಗಾಯದ ಸ್ವರೂಪ, ಆಯುಧ, ಗಾಯಾಳುವಿನ ಈಗಿನ ಸ್ಥಿತಿ, ಹೊಡೆದ ಕೈ ಯಾರದೆಂಬುದು ಪರಿಶೀಲಿಸತಕ್ಕವು. ಇಷ್ಟನ್ನು ತೂಗಿ ನೋಡುವುದಕ್ಕೆ ಮುಂದೆ ಹಿಂದೆ ನೋಡದಿರುವುದೆಂದು ಹೆಸರಿಡುವುದು ಹೇಗೆ?

ಎರಡನೆಯ ಆಕ್ಷೇಪ, ಮತ್ತೆ ಸುಲಿಗೆ ಮಾಡುವನೆಂಬುದು. ಇದರಲ್ಲಿ ಸತ್ಯಾಂಶವುಂಟೆಂದು ಮೊದಲೇ ಒಪ್ಪುತ್ತೇನೆ. 2013ರ ನವೆಂಬರ್ 19ರಂದು ನಮ್ಮ ನಗರದ ಮಧ್ಯದಲ್ಲೇ, ಹಣ ತೆಗೆಯುವ ಏಟಿಎಂ ಕೋಣೆಯೊಳಗೆ ಒಬ್ಬ ಮಹಿಳೆಯನ್ನು ಮಚ್ಚಿನಿಂದ ಕಡಿದು ಸುಲಿದ ದೃಶ್ಯವನ್ನು ನಾವೆಲ್ಲರೂ ಕಂಡು ನಡುಗಿದೆವು. ಆ ಮನುಷ್ಯನು ಸಿಕ್ಕಿದುದು 2017ರಲ್ಲಿ. ಅವನು ಮೊದಲೇ ಕೊಲೆಯ ಪ್ರಕರಣದಲ್ಲಿ ಶಿಕ್ಷೆ ಹೊಂದಿ ಸೆರೆಯಿಂದ ತಪ್ಪಿಸಿಕೊಂಡಿದ್ದವನು. 2021ರಲ್ಲಿ ಅವನಿಗೆ ಹತ್ತು ವರ್ಷಗಳ ಸೆರೆಯಾಯಿತು. ಇಂಥವನಿಗೆ ಜಾಮೀನು ಕೊಡಬೇಕೆಂದು ನಾನಲ್ಲ, ಯಾರೂ ಹೇಳುವುದಿಲ್ಲ. ಹಿಂದಿನ ಅಪರಾಧಗಳ ಇತಿಹಾಸವನ್ನು ಲಕ್ಷಿಸದೆ ಕೊಟ್ಟ ಜಾಮೀನು ನಿಲ್ಲದೆಂದು 2014ರಲ್ಲಿಯೇ ನೀರೂ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಆದರೆ ಇದರಿಂದ ಸಿದ್ಧವಾಗುವುದೇನು? ಆರೋಪಿಗಳನ್ನು ಒಬ್ಬೊಬ್ಬರನ್ನಾಗಿ ನೋಡಬೇಕೆಂಬುದು. ಮಿತ್ರರು ಸಾಧಿಸುವುದಾದರೋ ಎಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಕೆಂಬುದು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡುವ ಸ್ಥಾಲೀಪುಲಾಕನ್ಯಾಯವು ಅನ್ನಕ್ಕೆ ಸರಿ. ಒಂದೇ ಪಾತ್ರೆಯಲ್ಲಿ ಒಂದೇ ಉರಿಯಲ್ಲಿ ಬೆಂದ ಅಗುಳುಗಳು ಒಂದೇ ತೆರನಾಗಿರುತ್ತವೆ. ಒಂದೇ ಪ್ರಕರಣದಲ್ಲಿ ಹೆಸರಿಸಲ್ಪಟ್ಟ ನಾಲ್ವರು ಮನುಷ್ಯರು ಹಾಗಲ್ಲ. ನನ್ನ ಶಿಷ್ಯನ ಪ್ರಕರಣದಲ್ಲಿ ಮೊದಲನೆಯ ಆರೋಪಿಯ ಮೇಲೆ ಹಿಂದಿನ ಪ್ರಕರಣಗಳಿದ್ದುವು. ಅವನಿಗೆ ಜಾಮೀನು ದೊರೆಯಲಿಲ್ಲ. ಇವನಿಗೆ ಹಿಂದಿನದೊಂದೂ ಇಲ್ಲ, ದೊರೆಯಿತು. ಇದರಲ್ಲಿ ಅನ್ಯಾಯವೆಲ್ಲಿದೆ?

ಮೂರನೆಯದು, ನ್ಯಾಯಾಧೀಶರ ಮೇಲಿನ ದೂರು. ಅವರು ತಪ್ಪುವುದೇ ಇಲ್ಲವೆಂದು ನಾನು ಹೇಳೆನು. ತಪ್ಪಿದರೆ ತಿದ್ದುವುದಕ್ಕೆ ಮೇಲಿನ ಪೀಠವಿದೆ. ರೇಣುಕಾಸ್ವಾಮಿ ಕೊಲೆಯ ಪ್ರಕರಣದಲ್ಲಿ ಚಿತ್ರನಟ ದರ್ಶನ್ ಮತ್ತಿತರರಿಗೆ 2024ರ ಡಿಸೆಂಬರ್ 13ರಂದು ನಮ್ಮ ಹೈಕೋರ್ಟು ಕೊಟ್ಟ ಜಾಮೀನನ್ನು 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟು ರದ್ದುಪಡಿಸಿತು. ಅಪರಾಧವು ನಡೆಯಿತೋ ಇಲ್ಲವೋ ಎಂಬುದು ಇನ್ನೂ ವಿಚಾರಣೆಯಿಂದ ತಿಳಿಯಬೇಕಾದುದು; ಅದನ್ನು ಹೇಳಲು ನಾವಾರು? ಆದರೆ ಜಾಮೀನಿನ ಹಂತದಲ್ಲಿಯೇ ಸಾಕ್ಷ್ಯದ ಸತ್ತ್ವಾಸತ್ತ್ವಗಳನ್ನು ಅಳೆಯಹೋಗಬಾರದೆಂಬುದೂ, ಪ್ರಸಿದ್ಧಿಯುಳ್ಳವರೂ ಕಾನೂನಿಗೆ ಮೇಲಲ್ಲವೆಂಬುದೂ ಆ ತೀರ್ಪಿನಿಂದ ಸ್ಪಷ್ಟವಾಯಿತು. ಇದು ಒಂದು ಕಡೆಯ ತಪ್ಪು. ಇದಕ್ಕೆ ವಿರುದ್ಧವಾದ ತಪ್ಪೊಂದುಂಟು. ಜನರು ಅದನ್ನು ತಪ್ಪೆಂದು ಎಣಿಸುವುದೇ ಇಲ್ಲ. ಅಪವಾದಕ್ಕೆ ಅಂಜಿ, "ಆರೋಪವು ಗುರುತರವಾದುದು" ಎಂಬ ಒಂದೇ ವಾಕ್ಯದಿಂದ ಅರ್ಜಿಯನ್ನು ತಳ್ಳಿಹಾಕುವುದು. ಕೆಳಗಿನ ನ್ಯಾಯಾಲಯಗಳೂ ಹೈಕೋರ್ಟುಗಳೂ ಜಾಮೀನಿನ ವಿಷಯದಲ್ಲಿ ತಮ್ಮ ಸುರಕ್ಷತೆಯನ್ನು ನೋಡಿಕೊಳ್ಳುವಂತೆ ಕಾಣುವುದೆಂದು 2024ರ ಆಗಸ್ಟಿನಲ್ಲಿ ಮನೀಷ್ ಸಿಸೋಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಕೊಟ್ಟರೂ ಸರಿ, ಕೊಡದಿದ್ದರೂ ಸರಿ, ಈ ಮನುಷ್ಯನಿಗೆ ಈ ಕಾರಣದಿಂದ ಎಂಬುದು ಆಜ್ಞೆಯಲ್ಲಿ ಕಾಣಬೇಕು. ಕಾರಣವಿಲ್ಲದ ಆಜ್ಞೆಯು ಮರವನ್ನು ಕೊರೆದ ಹುಳುವಿನಿಂದ ಮೂಡಿದ ಅಕ್ಷರದಂತೆ. ಸರಿಯಾಗಿ ಕಂಡರೂ ಬರೆದ ಕೈಯೊಂದಿಲ್ಲ.

ಹಾಗಾದರೆ ನಿಜವಾದ ದೋಷಗಳೆಲ್ಲಿ? ಅವು ನಾವು ಬೆರಳು ತೋರಿಸುವ ಪೀಠಕ್ಕಿಂತ ಹೆಚ್ಚಾಗಿ ಅದರ ಸುತ್ತಮುತ್ತ ಇವೆ.

ನನ್ನ ಮನೆಯಾಕೆಯನ್ನು ತಳ್ಳಿದವನು ಹೊರಗೆ ಬಂದುದು ಹೇಗೆಂದು ನಾನು ಆಮೇಲೆ ವಿಚಾರಿಸಿದೆನು. ಯಾವ ನ್ಯಾಯಾಧೀಶರೂ ದಯೆ ತೋರಿಸಿರಲಿಲ್ಲ. ಅಂಥ ಅಪರಾಧದಲ್ಲಿ ತೊಂಬತ್ತು ದಿನಗಳೊಳಗೆ ದೋಷಾರೋಪಣ ಪಟ್ಟಿಯನ್ನು ಸಲ್ಲಿಸದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ಬರುವುದು. ಇದಕ್ಕಿಂತ ಕಡಮೆಯ ಅಪರಾಧಗಳಿಗೆ ಅರುವತ್ತು ದಿನ. ಹಳೆಯ ಸಂಹಿತೆಯ 167ನೆಯ ಕಲಮೂ ಈಗಿನ 187ನೆಯ ಕಲಮೂ ಈ ನಿಯಮವನ್ನು ಹೇಳುತ್ತವೆ. ಠಾಣೆಯಲ್ಲಿ ದಿನ ಎಣಿಸುವವರಿರಲಿಲ್ಲ. ಆರೋಪಿಯ ವಕೀಲರು ಎಣಿಸಿದರು. ತೊಂಬತ್ತೊಂದನೆಯ ದಿನ ನ್ಯಾಯಾಧೀಶರು ಬಿಡದೆ ಬೇರೆ ಗತಿಯಿರಲಿಲ್ಲ. ಬೀದಿಯ ಜನರೆಲ್ಲ ಬಯ್ದುದು ನ್ಯಾಯಾಧೀಶರನ್ನು.

ಇನ್ನು ಆಕೆಯ ಪ್ರಶ್ನೆ. ಗಾಯಾಳುವಿಗೆ ತಿಳಿಸುವವರು ಯಾರು? ಜಾಮೀನಿನ ವಿಚಾರದಲ್ಲಿ ನೊಂದವರ ಮಾತನ್ನೂ ಕೇಳಬೇಕೆಂದು 2022ರ ಏಪ್ರಿಲಿನಲ್ಲಿ ಲಖೀಂಪುರ ಖೇರಿಯ ಪ್ರಕರಣದಲ್ಲಿ ತೀರ್ಪಾಗಿದೆ. ತನಿಖೆಯು ಎಲ್ಲಿಯವರೆಗೆ ಬಂತೆಂಬುದನ್ನು ತೊಂಬತ್ತು ದಿನಗಳೊಳಗೆ ದೂರುದಾರರಿಗೂ ನೊಂದವರಿಗೂ ತಿಳಿಸಬೇಕೆಂದು ಹೊಸ ಸಂಹಿತೆಯ 193ನೆಯ ಕಲಮು ವಿಧಿಸಿದೆ. ನಿಯಮವಿದೆ, ಆದರೆ ನಿಯಮವು ತಾನಾಗಿ ಯಾರ ಮನೆಯ ಬಾಗಿಲನ್ನೂ ತಟ್ಟುವುದಿಲ್ಲ. ಆರೋಪಿಯನ್ನು ಬಿಡುವ ದಿನ ಒಂದು ಮಾತು ಹೇಳಿದ್ದರೆ, ಆಕೆ ಆ ಅಂಗಡಿಯ ಮುಂದೆ ಅಷ್ಟು ಬೆದರುತ್ತಿರಲಿಲ್ಲ.

ಮೂರನೆಯ ದೋಷವು ಜಾಮೀನುದಾರರದು. ಮುಚ್ಚಳಿಕೆಯ ಮೊಬಲಗು ಅತಿಯಾಗಕೂಡದೆಂದು 484ನೆಯ ಕಲಮಿನಲ್ಲಿ ಸ್ಪಷ್ಟವಾಗಿದೆ. 1978ರಲ್ಲಿಯೇ ಮಧ್ಯಪ್ರದೇಶದ ಮೋತಿರಾಮನೆಂಬ ಗಾರೆ ಕೆಲಸದವನಿಗೆ ಹತ್ತು ಸಾವಿರ ರೂಪಾಯಿಯ ಜಾಮೀನನ್ನು ಕೇಳಿ, ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯದೆಂದು ನಿರಾಕರಿಸಿದ್ದನ್ನು ಸುಪ್ರೀಂ ಕೋರ್ಟು ಕಟುವಾಗಿ ಖಂಡಿಸಿತು. ಅಷ್ಟಾಗಿಯೂ ರಾಯಚೂರಿನ ಪಹಣಿಯು ಬೆಂಗಳೂರಿನಲ್ಲಿ ಕಾಗದದ ಚೂರಾಯಿತು. ಯಶವಂತಪುರದಲ್ಲಿ ಮೂಟೆ ಹೊರುವವನಿಗೆ, ಹೆಬ್ಬಾಳದಲ್ಲಿ ಕಟ್ಟಡದ ಮೇಲೆ ಇಟ್ಟಿಗೆ ಎತ್ತುವವನಿಗೆ, ಈ ಊರಿನಲ್ಲಿ ಭೂಮಿಯುಳ್ಳ ಬಂಧುಗಳು ಎಲ್ಲಿಂದ ಬರಬೇಕು? ಹಣವಿದ್ದವನಾದರೆ ನ್ಯಾಯಾಲಯದ ಹೊರಗಿನ ಬಾಡಿಗೆಯ ಜಾಮೀನುದಾರರನ್ನು ಹಿಡಿಯುವನು. ಅವರಲ್ಲಿ ಕಳ್ಳಪತ್ರಗಳನ್ನು ತಂದು ಸಿಕ್ಕಿಬಿದ್ದವರೂ ಉಂಟು. ಹೀಗೆ ಈ ಜರಡಿಯು ಕಸುಬಿನ ಕಳ್ಳನನ್ನು ಹೊರಕ್ಕೆ ಬಿಟ್ಟು, ಮೊದಲ ಬಾರಿಗೆ ಸಿಕ್ಕಿದ ಬಡವನನ್ನು ಒಳಗೆ ಉಳಿಸಿಕೊಳ್ಳುತ್ತದೆ. ಜಾಮೀನಾಗಿ ಒಂದು ತಿಂಗಳಾದರೂ ಜಾಮೀನುದಾರರು ಸಿಕ್ಕದಿದ್ದರೆ ನ್ಯಾಯಾಲಯವು ತಾನಾಗಿಯೇ ಷರತ್ತನ್ನು ಸಡಿಲಿಸುವುದನ್ನು ಪರಿಶೀಲಿಸಬಹುದೆಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸೂಚಿಸಿತ್ತು. ನನ್ನ ಶಿಷ್ಯನಿಗೆ ತಿಂಗಳು ಕಳೆದು ಮೇಲೆ ಹನ್ನೊಂದು ದಿನಗಳಾಗಿದ್ದುವು. ಅದನ್ನು ಪೀಠದ ಗಮನಕ್ಕೆ ತಂದವರಿಲ್ಲ.

ನಾಲ್ಕನೆಯದು, ಎಲ್ಲಕ್ಕೂ ಮೂಲವಾದ ವಿಳಂಬ. 2022ರ ಕೊನೆಯ ದಿನ ಭಾರತದ ಸೆರೆಮನೆಗಳಲ್ಲಿದ್ದ ಸುಮಾರು 5 ಲಕ್ಷ 73 ಸಾವಿರ ಮಂದಿಯಲ್ಲಿ 4 ಲಕ್ಷ 34 ಸಾವಿರ ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರು ಇನ್ನೂ ನಿರ್ಣಯವಾಗದವರು. ಮೊದಲ ಬಾರಿಯ ಆರೋಪಿಯು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಪಾಲನ್ನು ಒಳಗೆ ಕಳೆದಿದ್ದರೆ ಬಿಡಬೇಕೆಂದು 479ನೆಯ ಕಲಮು ಹೇಳುವುದಾದರೂ, ಜೀವಾವಧಿಗೆ ಒಳಪಡುವ ಆರೋಪಗಳಿಗೆ ಅದು ಅನ್ವಯಿಸದು. ಸುಲಿಗೆಯಲ್ಲಿ ಗಾಯಮಾಡಿದ ಆರೋಪವು ಅಂಥದು. ಯಾಜ್ಞವಲ್ಕ್ಯರು ಉತ್ತರ ಹೇಳಲು ಪ್ರತಿವಾದಿಗೆ ಕಾಲಾವಕಾಶ ಕೊಡುವ ಪ್ರಸಂಗದಲ್ಲಿ ಸಾಹಸ, ಕಳವು, ಹಲ್ಲೆ ಮೊದಲಾದುವನ್ನು ಪ್ರತ್ಯೇಕಿಸಿ, ಇವುಗಳಲ್ಲಿ ವಾಯಿದೆಯಿಲ್ಲದೆ ಕೂಡಲೇ ವಿಚಾರಿಸತಕ್ಕದ್ದೆಂದು ವಿಧಿಸಿರುವರು. ಈ ಒಂದು ವಿಷಯದಲ್ಲಿ ಹಳೆಯವರು ನಮಗಿಂತ ಬುದ್ಧಿವಂತರೆಂದು ನಾನು ನಿಸ್ಸಂಕೋಚವಾಗಿ ಹೇಳುವೆನು. ಆರು ತಿಂಗಳಲ್ಲಿ ವಿಚಾರಣೆ ಮುಗಿಯುವಂತಿದ್ದರೆ ಜಾಮೀನು ಕೊಟ್ಟರೂ ಕೊಡದಿದ್ದರೂ ಮಹಾಹಾನಿಯಿಲ್ಲ. ಆರು ವರ್ಷಗಳಾಗುವಲ್ಲಿ, ಕೊಡದಿದ್ದರೆ ಆರೋಪಿಗೆ ಅನ್ಯಾಯ, ಕೊಟ್ಟರೆ ನೊಂದವರಿಗೆ ಭಯ. ಈ ಎರಡರ ನಡುವೆ ನ್ಯಾಯಾಧೀಶರನ್ನು ಸಿಕ್ಕಿಸಿಟ್ಟವರು ಬೇರೆಯವರು: ಸಾಲದಷ್ಟು ನ್ಯಾಯಾಲಯಗಳು, ಬಾರದ ಸಾಕ್ಷಿಗಳು, ವಾಯಿದೆ ಕೇಳುವ ವಕೀಲರು, ಪಂಚರಾಗಿ ಮಹಜರಿಗೆ ಸಹಿ ಹಾಕಿ ಆಮೇಲೆ ಸಮನ್ಸು ಬಂದರೆ ಊರಲ್ಲಿಲ್ಲವೆಂದು ಹೇಳಿಸುವ ನಮ್ಮಂಥ ಗೃಹಸ್ಥರು.

ಹೌದು, ನಮ್ಮಂಥವರು. ನನ್ನ ಮನೆಯಾಕೆ ಬಿದ್ದುದನ್ನು ಎರಡು ಮನೆಗಳ ಜಗಲಿಯಿಂದ ನೋಡಿದವರಿದ್ದರು. ಸಾಕ್ಷಿ ಹೇಳಲು ಒಬ್ಬರೂ ಒಪ್ಪಲಿಲ್ಲ. ಜಾಮೀನು ಕೊಟ್ಟರೆಂದು ಇಂದು ಕೂಗುವವರಲ್ಲಿ ಅವರೂ ಇದ್ದಾರೆ. ಅವರನ್ನು ನಾನು ಹೆಸರಿಸುವುದಿಲ್ಲ. ಅವರು ಈ ಪತ್ರಿಕೆಯನ್ನು ಓದುವರು.

ಆದಕಾರಣ ನನ್ನ ಸಿದ್ಧಾಂತವಿಷ್ಟು. ಕಸುಬಿನ ಸುಲಿಗೆಗಾರನಿಗೂ, ಸಾಕ್ಷಿಗಳನ್ನು ಬೆದರಿಸಬಲ್ಲ ಪ್ರಬಲನಿಗೂ ಜಾಮೀನು ಬೇಡ. ಕಾರಣವನ್ನು ಬರೆದು ನಿರಾಕರಿಸಲಿ. ಉಳಿದವರಿಗೆ ಕೊಡಲಿ; ಕೊಟ್ಟ ಮೇಲೆ ಬಡತನದ ನೆವದಿಂದ ಹಿಂದಕ್ಕೆ ಕಸಿಯದಿರಲಿ. ಠಾಣೆಯವರು ದಿನ ಎಣಿಸಲಿ. ನೊಂದವರಿಗೆ ತಿಳಿಸಿ ಬಿಡಲಿ. ನಾವು ಸಾಕ್ಷಿ ಹೇಳಲು ಹೋಗೋಣ.

ಮಿತ್ರರ ಪ್ರಶ್ನೆಗೆ ಈಗ ನೇರವಾದ ಉತ್ತರ. ಆ ಹುಡುಗನು ಒಳ್ಳೆಯವನೆಂದು ನಾನು ಜಾಮೀನು ನಿಂತವನಲ್ಲ. ಕರೆದಾಗ ಬರುವನೆಂದು ನಿಂತವನು. ಇದುವರೆಗೆ ಆರು ವಾಯಿದೆಗಳಾಗಿವೆ, ಆರಕ್ಕೂ ಬಂದಿದ್ದಾನೆ. ಒಮ್ಮೆಯಾದರೂ ಬಾರದೆ ಹೋದರೆ ಒಂದು ಲಕ್ಷ ರೂಪಾಯಿ ನನ್ನ ಪಿಂಚಣಿಯಿಂದ ಹೋಗುವುದು. ಅದು ನ್ಯಾಯವೇ ಸರಿ. ಅವನು ತಪ್ಪಿತಸ್ಥನೆಂದು ತೀರ್ಪಾದರೆ ಅದೇ ಬಾಗಿಲಿನಿಂದ ಅವನನ್ನು ಒಳಗೆ ಕಳುಹಿಸಿ ಹಿಂದಿರುಗುವೆನು. ಹೊಡೆಸಿಕೊಂಡ ಆ ಗಾಡಿಯ ಚಾಲಕನಿಗೂ ಒಂದು ಮನೆಯಿದೆ, ಅಲ್ಲಿಯೂ ಯಾರೋ ಅಗಳಿ ಹಾಕಿಕೊಂಡು ಕುಳಿತಿರಬಹುದು ಎಂಬುದನ್ನು ನಾನು ಮರೆತಿಲ್ಲ. ಮರೆಯಲು ನನ್ನ ಮನೆಯಾಕೆ ಬಿಡುವುದೂ ಇಲ್ಲ. ಮುಂದಿನ ವಾಯಿದೆಯು ಬರುವ ತಿಂಗಳ ಎರಡನೆಯ ಸೋಮವಾರ. ಮಿತ್ರರಿಗೆ ಬಿಡುವಿದ್ದರೆ ನನ್ನ ಜೊತೆಯಲ್ಲಿ ಬಂದು, ಅರ್ಜಿಗಳನ್ನು ಹೇಗೆ ಕೇಳುವರೆಂಬುದನ್ನು ಒಂದು ಹೊತ್ತು ಕುಳಿತು ನೋಡಲಿ. ಅನಂತರ ಅವರು ನನ್ನನ್ನು ಏನೆಂದು ಕರೆದರೂ ನನಗೆ ಸಮ್ಮತವೇ.